ಗುಲಾಬಿಯನ್ನು ಬಲ್ಲ ಇಬ್ಬರು ಬೇಕು

ಕಾರ್ಕಳ
4 ಫೆಬ್ರವರಿ 2013

ತಂಗಿ ಗುಲಾಬಿಗೆ,

ಇಲ್ಲಿ ನಾವು ಇದ್ದ ಹಾಗೇ ಇದ್ದೇವೆ. ನೀನೂ ಹಾಗೇ ಇದ್ದೀ ಎಂದುಕೊಂಡು ನೇರ ವಿಷಯಕ್ಕೆ ಬರುತ್ತೇನೆ. ಮೊನ್ನೆ ಫೋನಿನಲ್ಲಿ ಅರ್ಧ ಹೇಳುವಷ್ಟರಲ್ಲಿ ನಿನ್ನ ಕಾರ್ಡು ಮುಗಿಯಿತು. ಇನ್ನು ಈ ಮಾತು ಫೋನಿನಲ್ಲಿ ಬೇಡ, ಕಾಗದದಲ್ಲೇ ಬರೆಯೋಣ. ಕಾನೂನು ಸೇವಾ ಸಮಿತಿಯಲ್ಲಿ ಸ್ವಯಂಸೇವಕ ಎಂದು ಎರಡು ವರ್ಷ ಕುಳಿತು ನಾನು ಕಲಿತದ್ದು ಇಷ್ಟೇ. ನಮ್ಮವರು ಬಾಯಲ್ಲಿ ಹೇಳಿದ್ದು ಯಾವ ಫೈಲಿನಲ್ಲೂ ಇಲ್ಲ, ನಮ್ಮ ಬಗ್ಗೆ ಬೇರೆಯವರು ಬರೆದದ್ದು ಎಲ್ಲ ಫೈಲಿನಲ್ಲೂ ಇದೆ.

ಗುಡ್ಡದ ಪದವಿನ ಮೇಲಿನ ಎಪ್ಪತ್ತು ಸೆಂಟ್ಸ್ ಜಾಗ ಸರಕಾರ ನಿನ್ನ ಅಮ್ಮನ ಹೆಸರಿಗೆ ಮಂಜೂರು ಮಾಡಿದ್ದು. ಕರೆಂಟಿನ ಕಂಬಕ್ಕೆ ಒಪ್ಪಿಗೆ ಬೇಕು ಎಂದು ಪಕ್ಕದವರು ಚಿಕ್ಕಮ್ಮನ ಹೆಬ್ಬೆಟ್ಟು ಹಾಕಿಸಿಕೊಂಡಿದ್ದರಲ್ಲ, ಅದು ಮಾರಾಟದ ಕಾಗದ. ಚಿಕ್ಕಮ್ಮ ತೀರಿಕೊಂಡ ಮೇಲೆ ಬೇಲಿ ವರ್ಷಕ್ಕೊಂದು ಹೆಜ್ಜೆ ಒಳಗೆ ಬಂತು. ಈಗ ಅಂಗಳದ ತುದಿಯಲ್ಲಿದೆ. ಈಗ ಆ ಮನೆಯಲ್ಲಿರುವ ನನ್ನ ಅಮ್ಮ ಬುಟ್ಟಿ ಹೆಣೆಯುವ ಬಳ್ಳಿ, ಬೀಳು ತರಲು ಹೋಗುವ ದಾರಿಯೂ ಅದರೊಳಗೆ. ಕಳೆದ ವಾರ, ಮನೆ ಬಿಟ್ಟು ಏಳಬೇಕೆಂದು ವಕೀಲರ ನೋಟೀಸು ಬಂದಿದೆ. ಅಮ್ಮನಿಗೆ ಓದಲು ಬರುವುದಿಲ್ಲ, ಅದನ್ನು ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದರು.

ನಮ್ಮ ಕೊರಗ ಜನರಿಗೆ ಮಂಜೂರಾದ ಜಾಗವನ್ನು ಸರಕಾರದ ಅನುಮತಿ ಇಲ್ಲದೆ ಯಾರೂ ಕೊಳ್ಳುವ ಹಾಗಿಲ್ಲ. ಕುಂದಾಪುರದ ಅಸಿಸ್ಟೆಂಟ್ ಕಮಿಷನರ್, ಎ.ಸಿ.ಯವರ ಮುಂದೆ ಅರ್ಜಿ ಹಾಕಿದರೆ ಬಿಡಿಸಿಕೊಡುತ್ತಾರೆ. ಆದರೆ ವಾರಸುದಾರಳು ನೀನೊಬ್ಬಳೇ. ನಿನಗೆ ರಜೆ ಇಲ್ಲ ಎಂದೆಯಲ್ಲ, ಅದಕ್ಕೇ ನನ್ನ ಹೆಸರಿಗೆ ಪವರ್ ಆಫ್ ಅಟಾರ್ನಿ ಕೊಡು. ಕರಡು ಇದರೊಟ್ಟಿಗೆ ಇದೆ. ದುಬೈಯ ನಮ್ಮ ಕಾನ್ಸುಲೇಟಿನಲ್ಲಿ ಅಧಿಕಾರಿಯ ಎದುರು ಸಹಿ ಮಾಡಬೇಕು, ನಿನ್ನನ್ನು ಬಲ್ಲ ಇಬ್ಬರು ಭಾರತೀಯರು ಸಾಕ್ಷಿ ಹಾಕಬೇಕು. ನಾಲ್ಕು ವರ್ಷ ಅಲ್ಲಿದ್ದವಳಿಗೆ ಇಬ್ಬರು ಸಿಗುವುದು ಯಾವ ದೊಡ್ಡ ಮಾತು? ಅರ್ಜಿ ಕೊಡಲು ಏಪ್ರಿಲ್ 22ರ ವಾಯಿದೆ ಕೊಟ್ಟಿದ್ದಾರೆ.

ನಿನ್ನ ಅಣ್ಣ,
ಐತಪ್ಪ


ಇಂಟರ್‌ನ್ಯಾಷನಲ್ ಸಿಟಿ, ದುಬೈ
1 ಮಾರ್ಚ್ 2013

ಐತಪ್ಪಣ್ಣನಿಗೆ,

ನಿನ್ನ ಕಾಗದ ಹೋಟೆಲಿನ ಪಿ.ಒ. ಬಾಕ್ಸಿಗೆ ಬಂದು, ಅಲ್ಲಿಂದ ಲಾಂಡ್ರಿಯ ಮೇಜಿನ ಮೇಲೆ ಎಂಟು ದಿನ ಬಿದ್ದು ನನಗೆ ಸಿಕ್ಕಿತು. ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆದರೂ ನನ್ನ ಕಾಗದ ಹುಡುಕಿಕೊಡುವವರು ಯಾರೂ ಇಲ್ಲ ನೋಡು!

ಸಹಿ ಮಾಡಲು ನನ್ನದೇನೂ ಅಡ್ಡಿ ಇಲ್ಲ. ಒಂದೇ ಸಂಶಯ. ನಿನ್ನ ಕರಡಿನ ಮೊದಲನೇ ಸಾಲಿನಲ್ಲೇ ‘ಪರಿಶಿಷ್ಟ ಪಂಗಡದ ಕೊರಗ ಸಮುದಾಯಕ್ಕೆ ಸೇರಿದ ಗುಲಾಬಿ ಎಂಬ ನಾನು’ ಎಂದಿದೆ. ಅದು ಅಲ್ಲಿ ಬೇಕಾ? ಇಲ್ಲಿ ಯಾವ ಫಾರ್ಮಿನಲ್ಲೂ ಜಾತಿ ಕೇಳುವುದಿಲ್ಲ. ದೇಶ ಯಾವುದು, ಧರ್ಮ ಯಾವುದು, ಖಲಾಸ್. ಟೈಪಿಂಗ್ ಸೆಂಟರಿನ ಮಲಯಾಳಿ ಕೂಡ ಕಾಗದ ಚಿಕ್ಕದಾದಷ್ಟೂ ಒಳ್ಳೆಯದು ಎಂದ. ಹೆಸರು, ಪಾಸ್‌ಪೋರ್ಟ್ ನಂಬರು, ಅಷ್ಟೇ ಹಾಕಿದರೆ ಆಗದಾ? ವಕೀಲರನ್ನು ಕೇಳಿ ಬರೆ. ನಾನು ಕಾಯುತ್ತೇನೆ, ಅವಸರವಿಲ್ಲ.

ದೊಡ್ಡಮ್ಮನ ಕಾಲುನೋವಿಗೆ ಮುಲಾಮು ಕಳಿಸುತ್ತಿದ್ದೇನೆ. ಅದನ್ನೂ ಅಕ್ಕಿ ಡಬ್ಬದ ಕೆಳಗೆ ಇಡುವುದು ಬೇಡ ಎಂದು ಹೇಳು.

ಗುಲಾಬಿ


ಕಾರ್ಕಳ
18 ಮಾರ್ಚ್ 2013

ತಂಗಿ ಗುಲಾಬಿಗೆ,

ಅವಸರವಿಲ್ಲ ಎಂದು ಬರೆದಿದ್ದೀಯಲ್ಲ, ಬೇಲಿಯವರೂ ಅದನ್ನೇ ಹೇಳುತ್ತಾರೆ.

ನಿನ್ನ ಸಂಶಯವನ್ನು ನಮ್ಮ ಸಮಿತಿಯ ವಕೀಲರಾದ ಕಜೆತಾನ್ ಸರ್ ಹತ್ತಿರ ಕೇಳಿದೆ. ಅವರು ಕನ್ನಡಕ ತೆಗೆದು ಎರಡು ಸಲ ಓದಿದರು. ‘ಈ ಹುಡುಗಿಗೆ ತಲೆ ಇದೆ, ಆದರೆ ಈ ಕೇಸಿನಲ್ಲಿ ಆಗುವುದಿಲ್ಲ’ ಎಂದರು. ಆ ಸಾಲು ತೆಗೆದರೆ ಅರ್ಜಿ ಎಲ್ಲರ ಜಾಗದ ತಕರಾರಿನ ಹಾಗೆ ಒಂದು ತಕರಾರು, ಇಪ್ಪತ್ತು ವರ್ಷ ನಡೆಯುತ್ತದೆ. ಆ ಸಾಲು ಇದ್ದರೆ ಮಾತ್ರ ಮಾರಾಟವೇ ಅಸಿಂಧು. ನಮಗೆ ಇಷ್ಟು ವರ್ಷ ಏಟು ಕೊಟ್ಟ ಪದ ಒಂದೇ ಒಂದು ಕಡೆ ನಮ್ಮ ಪರವಾಗಿ ನಿಲ್ಲುತ್ತದೆ, ನೀನು ಅದನ್ನೇ ತೆಗೆ ಎನ್ನುತ್ತೀ. ಕಾನೂನು ತಿಳಿಯದೆ ಕೇಳಿದ್ದೀ ಎಂದು ಗೊತ್ತು, ಬೈಯುತ್ತಿಲ್ಲ.

ಸಾಲು ಹಾಗೇ ಇರಲಿ. ಬೇಗ ಕಳಿಸು.

ಐತಪ್ಪ


ದುಬೈ
5 ಏಪ್ರಿಲ್ 2013

ಐತಪ್ಪಣ್ಣನಿಗೆ,

ಕೆಲಸ ಆಯಿತು! ನಿನ್ನೆ ಡ್ಯೂಟಿ ಬದಲಿಸಿಕೊಂಡು ಬೆಳಿಗ್ಗೆ ಏಳಕ್ಕೇ ಹೋಗಿ ನಿಂತೆ. ಹನ್ನೊಂದೂವರೆಗೆ ಸೀಲು ಬಿತ್ತು. ನಿನ್ನ ಸಾಲು ಹಾಗೇ ಇದೆ, ಒಂದಕ್ಷರ ಮುಟ್ಟಿಲ್ಲ.

ಸಾಕ್ಷಿ ಹಾಕಿದ್ದು ಜಮೀಲ ಮತ್ತು ಅವಳ ಅಣ್ಣ. ಜಮೀಲ ನನ್ನ ರೂಮ್‌ಮೇಟ್, ಕಣ್ಣೂರಿನವಳು, ಒಳ್ಳೆಯ ಹೆಂಗಸು. ಈ ಕಾಗದ ವಿಮಾನದಲ್ಲಿ ಬಜಪೆಗೆ ಬರುವ ಒಬ್ಬರ ಕೈಯಲ್ಲಿ ಕೊಡುತ್ತಿದ್ದೇನೆ, ಅವರು ನಿನಗೆ ಫೋನ್ ಮಾಡುತ್ತಾರೆ. ಲಕೋಟೆ ಒಡೆಯುವುದು ಬೇಡ ಎಂದು ನಾಲ್ಕು ಸಲ ಹೇಳಿದ್ದೇನೆ. ನೀನೂ ಅವರ ಎದುರು ಒಡೆಯಬೇಡ.

ಇನ್ನು ದೊಡ್ಡಮ್ಮ ನೆಮ್ಮದಿಯಿಂದ ಮಲಗಲಿ.

ಗುಲಾಬಿ


ಕಾರ್ಕಳ
30 ಏಪ್ರಿಲ್ 2013

ತಂಗಿ ಗುಲಾಬಿಗೆ,

ವಾಯಿದೆಗೆ ಹೋಗಿ ಬಂದೆ. ಎ.ಸಿ. ಮೇಡಂ ಅರ್ಜಿ ತೆಗೆದುಕೊಂಡರು, ತೀರ್ಮಾನ ಆಗುವ ತನಕ ಅಮ್ಮನನ್ನು ಎಬ್ಬಿಸಬಾರದು ಎಂದು ಬರೆದರು. ಜೀವ ಬಂದ ಹಾಗಾಯಿತು. ಬೇಲಿಯವರ ವಕೀಲರು ‘ಈ ಗುಲಾಬಿ ನಿಜವಾಗಿ ಇದ್ದಾಳಾ, ದುಬೈಯಲ್ಲಿ ಸೂಪರ್‌ವೈಸರ್ ಅಂತೆ’ ಎಂದು ನಕ್ಕರು. ನನಗೆ ಮೈ ಉರಿಯಿತು. ‘ಅವಳ ಜೊತೆ ವಾಸ ಇರುವ ಜಮೀಲ ಅವರೇ ಸಾಕ್ಷಿ’ ಎಂದು ಆಗಲೇ ಬರೆದು ಸಹಿ ಮಾಡಿ ಕೊಟ್ಟುಬಿಟ್ಟೆ. ಹೇಗೆ?

ಆ ಜಮೀಲ ಎಂದಾದರೂ ಈ ಕಡೆ ಬಂದರೆ ನಮ್ಮ ಮನೆಗೆ ಊಟಕ್ಕೆ ಬರಬೇಕು ಎಂದು ಅಮ್ಮ ಹೇಳುತ್ತಾರೆ. ಹೇಳಿದವರೇ, ‘ಬಂದಾಳಾ?’ ಎಂದೂ ಕೇಳುತ್ತಾರೆ.

ಐತಪ್ಪ


ಕಾರ್ಕಳ
29 ಜುಲೈ 2013

ಗುಲಾಬಿಗೆ,

ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಎತ್ತದೇ ಇದ್ದದ್ದು ಒಳ್ಳೆಯದೇ ಆಯಿತು, ಬಾಯಿಗೆ ಬಂದದ್ದು ಹೇಳಿಬಿಡುತ್ತಿದ್ದೆ.

ಸಾಕ್ಷಿಯ ಹೆಸರಿನ ಕೆಳಗೆ ಮೊಬೈಲ್ ನಂಬರು ಇತ್ತಲ್ಲ. ಬೇಲಿಯವರ ಕಡೆಯ ಯಾರೋ ದುಬೈಯಿಂದಲೇ ಆ ಜಮೀಲಳಿಗೆ ಫೋನ್ ಮಾಡಿದ್ದಾರೆ. ಅವಳು ಪಾಪ, ಇದ್ದದ್ದು ಇದ್ದ ಹಾಗೆ ಹೇಳಿದ್ದಾಳೆ. ‘ಗುಲಾಬಿ ಯಾರೆಂದು ನನಗೆ ಗೊತ್ತಿಲ್ಲ, ಕ್ಯೂನಲ್ಲಿ ನನ್ನ ಹಿಂದೆ ನಿಂತಿದ್ದಳು. ಅವಳ ಕಾಗದಕ್ಕೆ ನಾವು ಹಾಕಿದೆವು, ನಮ್ಮ ಕಾಗದಕ್ಕೆ ಅವಳು ಹಾಕಿದಳು. ಇಲ್ಲಿ ಎಲ್ಲರೂ ಹಾಗೇ ಮಾಡುವುದು.’ ಇದನ್ನು ಅವರ ವಕೀಲರು ಮೇಡಂ ಮುಂದೆ ಓದಿದರು. ಕೊನೆಗೆ ನನ್ನ ಕಡೆ ತಿರುಗಿ, ಒಟ್ಟಿಗೆ ವಾಸ ಎಂದು ಬರೆದುಕೊಟ್ಟವರು ಇವರೇ ಅಲ್ಲವೇ ಎಂದರು. ಸಮಿತಿಯ ಬ್ಯಾಡ್ಜು ಶರ್ಟಿನಲ್ಲಿತ್ತು. ಅದನ್ನು ತೆಗೆದು ಕಿಸೆಗೆ ಹಾಕಿಕೊಂಡೆ.

ಅವರ ವಾದ ಈಗ ಏನು ಗೊತ್ತಾ? ದುಬೈಯಲ್ಲಿ ಸಹಿ ಮಾಡಿದವಳು ಬೇರೆ ಯಾರೋ, ಚಿಕ್ಕಮ್ಮನ ಮಗಳು ಗುಲಾಬಿ ಅಲ್ಲ. ನಿನ್ನನ್ನು ನಿಜವಾಗಿ ಬಲ್ಲ ಇಬ್ಬರ ಸಹಿ ಇರುವ ಹೊಸ ಕಾಗದ ಅಕ್ಟೋಬರ್ 21ರೊಳಗೆ ಕೊಡದಿದ್ದರೆ ಅರ್ಜಿ ವಜಾ. ಅಮ್ಮ ಮನೆ ಬಿಡಬೇಕು.

ನನಗೆ ತಲೆಬುಡ ತಿಳಿಯುತ್ತಿಲ್ಲ. ಒಂದೇ ಫ್ಲಾಟಿನಲ್ಲಿ ನಾಲ್ಕು ವರ್ಷದಿಂದ ಎಲ್ಸಿ, ಜೋಯ್ಲಿನ್ ಎಂದು ಇಬ್ಬರಿದ್ದಾರೆ, ಶಿರ್ವದವರು, ನಮ್ಮ ಜಿಲ್ಲೆಯವರೇ ಎಂದು ನೀನೇ ಹೇಳಿದ್ದೆ. ಅವರನ್ನು ಬಿಟ್ಟು ಕ್ಯೂನಲ್ಲಿ ನಿಂತವಳನ್ನು ಯಾಕೆ ಹಿಡಿದೆ? ಸುಳ್ಳು ಯಾಕೆ ಬರೆದೆ? ಬೇಲಿಯವರು ನಿನ್ನ ಹತ್ತಿರ ಮಾತಾಡಿದ್ದಾರಾ? ಜಾಗ ಬೇಡ ಎಂದಿದ್ದರೆ ನೇರ ಹೇಳು. ಅಮ್ಮನಿಗೆ ನಾನೇ ಹೇಳುತ್ತೇನೆ.

ಐತಪ್ಪ


ದುಬೈ
16 ಆಗಸ್ಟ್ 2013

ಐತಪ್ಪಣ್ಣನಿಗೆ,

ಬೇಲಿಯವರು ಮಾತಾಡಿದ್ದಾರಾ ಎಂದು ಕೇಳಿದೆಯಲ್ಲ, ಆ ಸಾಲನ್ನು ನಾನು ಸುಲಭದಲ್ಲಿ ಮರೆಯುವುದಿಲ್ಲ. ಆದರೆ ಸುಳ್ಳು ಬರೆದವಳು ನಾನೇ, ಕೋಪ ಮಾಡುವ ಹಕ್ಕು ನನಗಿಲ್ಲ.

ಇಲ್ಲಿ ನಾನು ಕೊರಗರವಳೆಂದು ಯಾರಿಗೂ ಗೊತ್ತಿಲ್ಲ. ಇಷ್ಟೇ ವಿಷಯ. ಇದನ್ನು ಬರೆಯಲು ಆರು ತಿಂಗಳು ಬೇಕಾಯಿತು.

ಈ ಫ್ಲಾಟಿಗೆ ಬಂದ ಮೊದಲ ದಿನ ಎಲ್ಸಿಯಕ್ಕ ಕೇಳಿದಳು, ‘ನೀವು ಎಂತ ಜನ ಮಾರಾಯ್ತಿ?’ ನಾನು ಹಿಂದೂ ಎಂದೆ. ‘ಹಿಂದೂ ಅಂದ್ರೆ? ಹಿಂದೂದಲ್ಲಿ ಎಂತ?’ ಎಂದಳು. ಅಷ್ಟರಲ್ಲಿ ಜೋಯ್ಲಿನ್, ‘ಎತ್ತರ ನೋಡಿ ಎಲ್ಸಿಯಕ್ಕ, ಬಂಟ್ಸ್ ಇರ್ಬೇಕು’ ಎಂದಳು. ನಾನು ನಕ್ಕೆ. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸುಮ್ಮನೆ ನಕ್ಕೆ. ಆ ಒಂದು ನಗುವಿನ ಮೇಲೆ ನಾಲ್ಕು ವರ್ಷ ಬದುಕಿದ್ದೇನೆ ಅಣ್ಣ. ಇಲ್ಲಿ ಮೂವರಲ್ಲಿ ಬೇಗ ಮನೆ ಸೇರುವವಳು ನಾನು, ಹಾಗಾಗಿ ಅಡುಗೆಯೂ ನನ್ನದೇ. ಎಲ್ಸಿಯಕ್ಕ ಕ್ಲಿನಿಕ್ಕಿನಿಂದ ಬಂದವಳೇ ಮುಚ್ಚಳ ತೆಗೆದು ಸೌಟಿನಿಂದಲೇ ರುಚಿ ನೋಡುತ್ತಾಳೆ. ಜ್ವರ ಬಂದಾಗ ನನ್ನ ಕೈಯಿಂದ ಗಂಜಿ ಕುಡಿದಿದ್ದಾಳೆ. ನಾನು ಸೌಟು ಮುಟ್ಟಿದ್ದಕ್ಕೆ ಊರಲ್ಲಿ ಯಾರ್ಯಾರು ಏನೇನು ಚೆಲ್ಲಿದ್ದಾರೆಂದು ನಿನಗೆ ಹೇಳಬೇಕಾಗಿಲ್ಲ.

ಸಾಕ್ಷಿ ಹಾಕುವವರು ಕಾಗದ ಓದದೆ ಹಾಕುವುದಿಲ್ಲ, ಅದರಲ್ಲೂ ಎಲ್ಸಿಯಕ್ಕ ಔಷಧಿ ಡಬ್ಬಿಯ ಮೇಲಿನ ಅಕ್ಷರವನ್ನೂ ಬಿಡುವವಳಲ್ಲ. ನಾನು ಕೊರಗರವಳು ಹೌದು ಎಂದು ಅವಳು ಹೇಗೆ ಸಾಕ್ಷಿ ಹೇಳುವುದು? ಅವಳಿಗೆ ಗೊತ್ತಿರುವ ಗುಲಾಬಿಯೇ ಬೇರೆ. ಅದಕ್ಕೇ ಕ್ಯೂನಲ್ಲಿ ಯಾರಾದರೂ ಸಿಗಲಿ ಎಂದು ಏಳಕ್ಕೇ ಹೋಗಿ ನಿಂತೆ.

ನನಗೆ ಜಾಗ ಬೇಕು. ಅಮ್ಮನನ್ನು ಹೂತದ್ದು ಅಲ್ಲಿ. ದೊಡ್ಡಮ್ಮ ಏಳಬಾರದು. ಆದರೆ ಈ ಮನೆಯೂ ಬೇಕು. ಎರಡೂ ಬೇಕು ಎನ್ನುವುದು ಅತಿಯಾಸೆಯಾ? ನನಗೆ ಏನೂ ತಿಳಿಯುತ್ತಿಲ್ಲ.

ಗುಲಾಬಿ


ಕಾರ್ಕಳ
2 ಸೆಪ್ಟೆಂಬರ್ 2013

ತಂಗಿ ಗುಲಾಬಿ,

ಆ ಸಾಲು ಬರೆಯಬಾರದಿತ್ತು. ತಪ್ಪಾಯಿತು.

ಮೊದಲು ಕಾನೂನಿನ ಮಾತು. ನಿನ್ನ ಜಾತಿಗೆ ಸಾಕ್ಷಿ ಹೇಳಲು ಎಲ್ಸಿ ಬೇಕಾಗಿಲ್ಲ. ಅದಕ್ಕೆ ತಹಶೀಲ್ದಾರರ ಸರ್ಟಿಫಿಕೇಟ್ ಇದೆ. ಸಹಿ ಮಾಡಿದವಳು ನೀನೇ ಎಂದು ಹೇಳಲು ಮಾತ್ರ ಸಾಕ್ಷಿ. ಇದನ್ನು ಫೆಬ್ರವರಿಯಲ್ಲೇ ಬಿಡಿಸಿ ಬರೆಯಬೇಕಿತ್ತು. ನೀನು ಬುದ್ಧಿವಂತೆ, ಗೊತ್ತಿರುತ್ತದೆ ಎಂದುಕೊಂಡೆ. ನೀನೂ ಕೇಳಲಿಲ್ಲ. ಆದರೂ ಕಾಗದ ಓದುವ ಸಾಕ್ಷಿಯ ಕಣ್ಣಿಗೆ ಆ ಸಾಲು ಬೀಳುತ್ತದೆ, ಅದಕ್ಕೆ ನನ್ನ ಹತ್ತಿರ ಉಪಾಯವಿಲ್ಲ.

ಇನ್ನೊಂದು ಹೇಳಬೇಕು. ನನ್ನ ಕಾಗದಗಳ ಲಕೋಟೆಯ ಮೇಲೆ ಯಾವಾಗಲೂ ಸಮಿತಿಯ ವಿಳಾಸ ಇರುತ್ತದೆ, ರೂಮಿನದ್ದು ಇರುವುದಿಲ್ಲ. ಯಾಕೆಂದು ನೀನು ಕೇಳಲಿಲ್ಲ. ಇಲ್ಲಿ ಬಾಡಿಗೆಗೆ ಏಳು ಮನೆ ನೋಡಿದೆ. ಏಳರಲ್ಲೂ ‘ನಿಮ್ಮ ಜನ ಯಾವುದು’ ಎಂದರು, ಹೇಳಿದೆ, ಏಳರಲ್ಲೂ ನಿನ್ನೆಯೇ ಬೇರೆಯವರಿಗೆ ಕೊಟ್ಟಾಗಿತ್ತು. ಎಂಟನೆಯದರಲ್ಲಿ ‘ಕೋರ್ಟಿನಲ್ಲಿ ಕೆಲಸ’ ಎಂದೆ. ಯಜಮಾನಿ ಮುಂದೆ ಕೇಳಲಿಲ್ಲ. ನಾನೂ ನಿನ್ನ ಹಾಗೇ ನಕ್ಕೆ. ಎರಡು ವರ್ಷದಿಂದ ಅಮ್ಮ ಪೇಟೆಗೆ ಬಂದರೆ ಬಸ್‌ಸ್ಟ್ಯಾಂಡಿನಲ್ಲೇ ಚಾ ಕುಡಿಸಿ ಕಳಿಸುತ್ತೇನೆ. ನಮ್ಮ ಜನರಿಗೆ ಹಕ್ಕಿನ ಬಗ್ಗೆ ಪಾಠ ಹೇಳುವವನು ನಾನು.

ಹಾಗಾಗಿ ಹೇಳಿಬಿಡು ಎಂದು ನಿನಗೆ ಬರೆಯುವ ಮುಖ ನನಗಿಲ್ಲ. ವಾಯಿದೆ ಮಾತ್ರ ಅಕ್ಟೋಬರ್ 21.

ಐತಪ್ಪ


ದುಬೈ
27 ಸೆಪ್ಟೆಂಬರ್ 2013

ಐತಪ್ಪಣ್ಣನಿಗೆ,

ಹೊಸ ಕಾಗದ ಇದರೊಟ್ಟಿಗೆ ಇದೆ. ಸಾಕ್ಷಿ ಎಲ್ಸಿಯಕ್ಕ, ಜೋಯ್ಲಿನ್.

ಕಳೆದ ಶುಕ್ರವಾರ, ಇಲ್ಲಿ ಅದೇ ವಾರದ ರಜೆ, ಎಲ್ಸಿಯಕ್ಕ ಇಗರ್ಜಿಯ ಪೂಜೆ ಮುಗಿಸಿ ಬಂದು ಕುಳಿತಿದ್ದಳು. ಭಾಷಣ ಮಾಡಲು ನನ್ನಿಂದಾಗಲಿಲ್ಲ. ಕಾಗದವನ್ನೇ ಅವಳ ಎದುರಿಟ್ಟೆ. ಕನ್ನಡಕ ಹಾಕಿ ಓದಿದಳು. ಮೊದಲನೇ ಸಾಲಿನಲ್ಲಿ ಬೆರಳು ನಿಂತಿತು.

‘ಇದು ಎಂತ? ಟೈಪಿಂಗಿನವ ತಪ್ಪು ಹಾಕಿದ್ದಾನಾ?’

‘ಇಲ್ಲ ಎಲ್ಸಿಯಕ್ಕ. ಸರಿ ಉಂಟು.’

‘ನೀನಾ?’

‘ನಾನೇ.’

ಅವಳು ಕನ್ನಡಕ ತೆಗೆದು ಕಾಗದದ ಮೇಲಿಟ್ಟಳು. ‘ನಾಲ್ಕು ವರ್ಷ ನಂಗೆ ಹೇಳ್ಲಿಲ್ಲ ಅಲ್ಲ ನೀನು’ ಎಂದಳು ಕಡೆಗೆ. ಜೋಯ್ಲಿನ್ ಮಾತ್ರ ಪೆನ್ನು ಹುಡುಕುತ್ತಾ, ‘ಸೋ ವಾಟ್, ಎಲ್ಲಿ ಸೈನ್ ಮಾಡ್ಬೇಕು ಹೇಳಿ, ನಂಗೆ ಡ್ಯೂಟಿ ಉಂಟು’ ಎಂದಳು. ಅದಕ್ಕೆ ಎಲ್ಸಿಯಕ್ಕ ಅವಳನ್ನು ಬೈದಳು. ‘ಹಾಗೆಲ್ಲ ಎಲ್ಲೆಂದ್ರಲ್ಲಿ ಹಾಕುದಲ್ಲ. ಆಫೀಸರನ ಎದುರು ಹಾಕ್ಬೇಕು. ಯಾರದ್ದೋ ಮನೆ ವಿಷಯ.’ ಮಂಗಳವಾರ ಕ್ಲಿನಿಕ್ಕಿಗೆ ಅರ್ಧ ದಿನ ರಜೆ ಹಾಕಿ, ಜೋಯ್ಲಿನ್‌ಳನ್ನೂ ಕರೆದುಕೊಂಡು ಬಂದಳು. ‘ಇವಳನ್ನು ಎಷ್ಟು ವರ್ಷದಿಂದ ಬಲ್ಲಿರಿ’ ಎಂದು ಅಧಿಕಾರಿ ಕೇಳಿದ್ದಕ್ಕೆ, ‘ನಾಲ್ಕು ವರ್ಷ, ಒಂದೇ ಮನೆ’ ಎಂದು ಗಟ್ಟಿಯಾಗಿ ಹೇಳಿದಳು. ನನಗೆ ಅಳು ಬಂತು.

ಈಗ ಎಲ್ಲ ಮೊದಲಿನ ಹಾಗೇ ಇದೆ. ನೀನು ಚಿಂತೆ ಮಾಡಬೇಡ.

ಗುಲಾಬಿ


ಕಾರ್ಕಳ
28 ಅಕ್ಟೋಬರ್ 2013

ತಂಗಿ ಗುಲಾಬಿಗೆ,

ಕಾಗದ ಒಪ್ಪಿದರು, ಆದರೆ ಕೇಸು ಮುಗಿಯಲಿಲ್ಲ. ಬೇಲಿಯವರ ವಕೀಲರು ಹೊಸದೊಂದು ತೆಗೆದಿದ್ದಾರೆ. ಇದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಅವರು ಎದ್ದು ನಿಂತು ಹೇಳಿದ್ದು ಹೀಗೆ. ‘ಸಾಕ್ಷಿ ಹಾಕಿದ ಹೆಂಗಸು ಶಿರ್ವದ ಒಳ್ಳೆಯ ಮನೆತನದವರು. ನಾಲ್ಕು ವರ್ಷ ಒಂದೇ ಮನೆ ಎನ್ನುತ್ತಾರೆ, ಅಂದರೆ ಒಂದೇ ಅಡುಗೆಮನೆ. ನಮ್ಮ ಜಿಲ್ಲೆಯವರು ಯಾರಾದರೂ ಕೊರಗರವಳು ಬೇಯಿಸಿದ್ದನ್ನು ನಾಲ್ಕು ವರ್ಷ ಉಣ್ಣುತ್ತಾರಾ? ಉಂಡಿದ್ದಾರೆಂದರೆ ಅಲ್ಲಿರುವವಳು ಕೊರಗರವಳಲ್ಲ. ಸರ್ಟಿಫಿಕೇಟಿನ ಗುಲಾಬಿ ಬೇರೆ, ದುಬೈಯ ಗುಲಾಬಿ ಬೇರೆ.’ ಕಚೇರಿಯಲ್ಲಿ ಯಾರೂ ನಗಲಿಲ್ಲ ಗುಲಾಬಿ. ಕೆಲವರು ತಲೆಯಾಡಿಸಿದರು. ಕಜೆತಾನ್ ಸರ್ ಸಿಟ್ಟಿನಿಂದ ಎದ್ದು ನಿಂತರು. ‘ಇದು ವಾದವಲ್ಲ, ಇದು ಅಪರಾಧ’ ಎಂದರು. ಮೇಡಂ ಎರಡನ್ನೂ ಬರೆದುಕೊಂಡರು.

ಕೊನೆಗೆ ಮೊದಲನೇ ಸಾಕ್ಷಿಗೆ ನಾಲ್ಕು ಪ್ರಶ್ನೆ ಕಳಿಸಲು ಅನುಮತಿ ಕೊಟ್ಟಿದ್ದಾರೆ. ಉತ್ತರವನ್ನು ಎಲ್ಸಿಯವರೇ ಬರೆದು ಕಾನ್ಸುಲೇಟಿನಲ್ಲಿ ಪ್ರಮಾಣ ಮಾಡಿ ಕಳಿಸಬೇಕು. ಮೂರನೆಯದು, ಒಂದೇ ಪಾತ್ರೆಯಲ್ಲಿ ಬೇಯಿಸಿದ್ದನ್ನು ಉಣ್ಣುತ್ತೀರಾ? ನಾಲ್ಕನೆಯದು, ಇವಳು ಕೊರಗರವಳೆಂದು ಯಾವಾಗ ತಿಳಿಯಿತು, ತಿಳಿದ ಮೇಲೆ ಏನಾದರೂ ಬದಲಾಯಿತೇ?

ಸರ್ ಮತ್ತು ನಾನು ತಲೆ ಕೆರೆದುಕೊಳ್ಳುತ್ತಿದ್ದೇವೆ. ಎಲ್ಸಿ ಒಳ್ಳೆಯವರು, ಏನೂ ಬದಲಾಗಿಲ್ಲ, ಒಟ್ಟಿಗೆ ಉಣ್ಣುತ್ತೇವೆ ಎಂದೇ ಬರೆಯುತ್ತಾರೆ. ಬರೆದರೆ ನಾವು ಸೋಲುತ್ತೇವೆ. ಒಳ್ಳೆಯವರು ಒಳ್ಳೆಯ ಉತ್ತರ ಕೊಟ್ಟರೆ ಸೋಲುವ ಪ್ರಶ್ನೆಯನ್ನು ನಾನು ಇದುವರೆಗೆ ಕಂಡಿಲ್ಲ. ಆದರೂ ನೀನು ಏನನ್ನೂ ಹೇಳಿಕೊಡಬೇಡ. ನಮ್ಮ ಕಡೆಯಿಂದ ಇನ್ನೊಂದು ಸುಳ್ಳು ಹೋಗಬಾರದು.

ಐತಪ್ಪ


ದುಬೈ
15 ನವೆಂಬರ್ 2013

ಐತಪ್ಪಣ್ಣನಿಗೆ,

ಎಲ್ಲ ಮೊದಲಿನ ಹಾಗೇ ಇದೆ ಎಂದು ಬರೆದಿದ್ದೆನಲ್ಲ, ಅದೂ ಸುಳ್ಳು.

ಸಹಿ ಹಾಕಿದ ಮರುದಿನ ಎಲ್ಸಿಯಕ್ಕ ಡ್ರ್ಯಾಗನ್ ಮಾರ್ಟಿಗೆ ಹೋಗಿ ಒಂದು ಸಣ್ಣ ಕುಕ್ಕರ್, ಒಂದು ಬಟ್ಟಲು, ಒಂದು ಸೌಟು ತಂದಳು. ‘ಡಾಕ್ಟರ್ ಉಪ್ಪು ಕಡಿಮೆ ಮಾಡ್ಲಿಕ್ಕೆ ಹೇಳಿದ್ದಾರೆ ಮಾರಾಯ್ತಿ, ಬಿ.ಪಿ. ಅಂತೆ. ನನ್ನದು ನಾನೇ ಬೇಯಿಸ್ತೇನೆ’ ಎಂದಳು. ನಾನು ನಂಬಿದೆ. ನಂಬಲು ಬಹಳ ಪ್ರಯತ್ನ ಮಾಡಿದೆ ಎನ್ನುವುದು ಸರಿ. ಅವಳ ಉಪ್ಪಿನಕಾಯಿ ಬಾಟಲಿ ಯಾವಾಗಿನ ಹಾಗೆ ಖಾಲಿಯಾಗುತ್ತಿತ್ತು, ಅದನ್ನು ನೋಡಿಯೂ ನೋಡದ ಹಾಗಿದ್ದೆ. ಜೋಯ್ಲಿನ್ ಎರಡೂ ಕುಕ್ಕರಿನದ್ದು ಉಣ್ಣುತ್ತಾಳೆ, ಅವಳಿಗೆ ಹಸಿವು ಬಿಟ್ಟರೆ ಬೇರೆ ಯೋಚನೆ ಇಲ್ಲ.

ವಿಚಿತ್ರ ಏನೆಂದರೆ ಎಲ್ಸಿಯಕ್ಕ ನನ್ನ ಮೇಲೆ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ನನ್ನ ಯೂನಿಫಾರ್ಮಿಗೆ ಇಸ್ತ್ರಿ ಹಾಕಿಡುತ್ತಾಳೆ. ಕೇಸು ಏನಾಯಿತು ಎಂದು ದಿನಾ ಕೇಳುತ್ತಾಳೆ. ನನಗಾಗಿ ಅರ್ಧ ದಿನದ ಸಂಬಳ ಬಿಟ್ಟು ಕಾನ್ಸುಲೇಟಿಗೆ ಬಂದವಳೂ ಅವಳೇ, ಬೇರೆ ಕುಕ್ಕರ್ ತಂದವಳೂ ಅವಳೇ. ಇದರಲ್ಲಿ ಯಾವ ಎಲ್ಸಿಯಕ್ಕ ನಿಜ ಎಂದು ನಾನು ಎಷ್ಟು ಯೋಚಿಸಿದರೂ ಹೊಳೆಯುವುದಿಲ್ಲ.

ಪ್ರಶ್ನೆಗಳನ್ನು ಅವಳ ಕೈಗೆ ಕೊಟ್ಟು ಬಾಲ್ಕನಿಗೆ ಹೋದೆ. ‘ಗುಲಾಬಿ, ಇಲ್ಲಿ ಬಾ’ ಎಂದಳು. ಹೋದೆ.

‘ಎಂತ ಬರಿಬೇಕು?’

‘ಗೊತ್ತಿಲ್ಲ. ನಾನು ಹೇಳ್ಬಾರ್ದು.’

‘ದೇವರ ಹೆಸರಲ್ಲಿ ಪ್ರಮಾಣ ಅಂತ ಉಂಟಲ್ಲ ಇದ್ರಲ್ಲಿ.’

‘ಹೌದು.’

‘ಬಿ.ಪಿ. ಅಂತ ಬರಿಲಿಕ್ಕೆ ಆಗುದಿಲ್ಲ ಅಲ್ಲ ಹಾಗಾದ್ರೆ’ ಎಂದಳು. ನನ್ನ ಮುಖ ನೋಡಲಿಲ್ಲ. ಕಿವಿಯವರೆಗೆ ಕೆಂಪಾಗಿದ್ದಳು. ‘ನನ್ನ ಅಮ್ಮ ಹಾಗೇ ಮಾಡ್ತಿದ್ರು. ಅಮ್ಮ ಕೆಟ್ಟವರಲ್ಲ ಗೊತ್ತುಂಟಾ. ನನಗೆ ಮನಸ್ಸಿಂದ ಎಂತ ಇಲ್ಲ, ಕೈಗೆ ಮಾತ್ರ ಆಗುದಿಲ್ಲ. ಯಾಕೆ ಅಂತ ನಂಗೇ ಗೊತ್ತಿಲ್ಲ.’ ಅವಳ ಬೆನ್ನು ಸವರಬೇಕೋ, ಕುಕ್ಕರ್ ಎತ್ತಿ ಬಿಸಾಡಬೇಕೋ ತಿಳಿಯಲಿಲ್ಲ. ಎರಡೂ ಮಾಡಲಿಲ್ಲ.

ಅವಳು ನಾಲ್ಕಕ್ಕೂ ಬರೆದಳು. ಏನು ಬರೆದಳೆಂದು ನಾನು ಓದಿಲ್ಲ. ಪ್ರಮಾಣ ಮಾಡಿ ಸೀಲು ಹಾಕಿಸಿದ ಲಕೋಟೆ ಇದರೊಟ್ಟಿಗೆ ಇದೆ.

ಗುಲಾಬಿ


ಕಾರ್ಕಳ
3 ಫೆಬ್ರವರಿ 2014

ತಂಗಿ ಗುಲಾಬಿ,

ಗೆದ್ದೆವು. ಮಾರಾಟ ಅಸಿಂಧು, ಎಪ್ಪತ್ತು ಸೆಂಟ್ಸೂ ನಿನ್ನ ಹೆಸರಿಗೆ, ಬೇಲಿ ತೆಗೆಸಲು ತಹಶೀಲ್ದಾರರಿಗೆ ಆದೇಶ. ಅಮ್ಮ ಎರಡು ಸಲ ಓದಿಸಿ ಕೇಳಿದರು. ಆಮೇಲೆ ಎದ್ದು ಅಂಗಳದ ತುದಿಗೆ ಹೋಗಿ ಬೇಲಿಯ ಆಚೆ ಉಗುಳಿ ಬಂದರು.

ಆದೇಶದ ಪ್ರತಿ ಕಳಿಸುತ್ತಿದ್ದೇನೆ. ಹನ್ನೊಂದನೇ ಪ್ಯಾರಾವನ್ನು ಒಬ್ಬಳೇ ಕುಳಿತು ಓದು. ಅದರಲ್ಲಿ ಹೀಗಿದೆ: ‘ಅರ್ಜಿದಾರಳು ಕೊರಗ ಸಮುದಾಯದವಳೆಂಬುದು ಸೆಪ್ಟೆಂಬರ್ ತಿಂಗಳಲ್ಲಿ ತಿಳಿಯಿತೆಂದೂ, ಅದುವರೆಗೆ ಅವಳು ಮಾಡಿದ ಅಡುಗೆಯನ್ನು ಉಣ್ಣುತ್ತಿದ್ದುದಾಗಿಯೂ, ತಿಳಿದ ಮಾರನೆಯ ವಾರದಿಂದ ತಾನು ಪ್ರತ್ಯೇಕ ಪಾತ್ರೆಯಲ್ಲಿ ಬೇಯಿಸಿಕೊಳ್ಳುತ್ತಿರುವುದಾಗಿಯೂ, ಇದಕ್ಕೆ ಬೇರೆ ಯಾವ ಕಾರಣವೂ ಇಲ್ಲವೆಂದೂ, ಈ ಬಗ್ಗೆ ತನಗೆ ನಾಚಿಕೆ ಇದೆಯೆಂದೂ ಸಾಕ್ಷಿದಾರಳು ಪ್ರಮಾಣಪೂರ್ವಕ ತಿಳಿಸಿರುತ್ತಾಳೆ. ಸದರಿ ಹೇಳಿಕೆಯು ಅರ್ಜಿದಾರಳ ಗುರುತಿನ ಬಗೆಗಿನ ಎದುರುದಾರರ ಆಕ್ಷೇಪಣೆಯನ್ನು ಸಂಪೂರ್ಣವಾಗಿ ನಿವಾರಿಸುತ್ತದೆ.’

ಕಜೆತಾನ್ ಸರ್ ಇದನ್ನು ಗಟ್ಟಿಯಾಗಿ ಓದಿ ಮುಗಿಸಿ, ಗೆದ್ದ ಫೈಲು ಹಿಡಿದುಕೊಂಡು ಸೋತವರ ಹಾಗೆ ಕುಳಿತರು. ಬೇಲಿಯವರಿಗೆ ಡಿ.ಸಿ.ಯವರ ಹತ್ತಿರ ಅಪೀಲು ಹೋಗಲು ಮೂರು ತಿಂಗಳ ಅವಧಿ ಇದೆ. ಅದು ಕಳೆಯಲಿ.

ಆ ದಿನ ನಾನೊಂದು ಕೆಲಸ ಮಾಡಿದೆ. ಅಮ್ಮನನ್ನು ಮೊದಲ ಸಲ ನನ್ನ ರೂಮಿಗೆ ಕರೆತಂದು ಉಳಿಸಿಕೊಂಡೆ. ಅಮ್ಮ ತಾವೇ ಹೆಣೆದ ಬುಟ್ಟಿಯೊಂದನ್ನು ಯಜಮಾನಿಗೆ ಕೊಟ್ಟರು. ಯಜಮಾನಿ ತೆಗೆದುಕೊಂಡರು. ಬೀಳಿನ ಬುಟ್ಟಿ ಹೆಣೆಯುವ ಜನ ಯಾರೆಂದು ಇಲ್ಲಿ ಎಲ್ಲರಿಗೂ ಗೊತ್ತು. ಬೆಳಿಗ್ಗೆ, ರೂಮು ಯಾವಾಗ ಖಾಲಿ ಮಾಡುತ್ತೀರಿ ಎಂದು ಕೇಳಿದರು. ಈಗ ಒಂಬತ್ತನೇ ಮನೆ ಹುಡುಕುತ್ತಿದ್ದೇನೆ. ಈ ಸಲ ಮೊದಲೇ ಹೇಳಿ ಹುಡುಕುತ್ತಿದ್ದೇನೆ.

ಐತಪ್ಪ


ದುಬೈ
21 ಫೆಬ್ರವರಿ 2014

ಐತಪ್ಪಣ್ಣನಿಗೆ,

ಆದೇಶ ಸಿಕ್ಕಿತು. ನನ್ನ ಹೆಸರಿನ ಎದುರು ನಮ್ಮ ಜನದ ಹೆಸರು ಇಷ್ಟು ಸಲ ಅಚ್ಚಾದದ್ದನ್ನು ನಾನು ಎಲ್ಲೂ ನೋಡಿರಲಿಲ್ಲ. ದೊಡ್ಡಮ್ಮ ಉಗುಳಿ ಬಂದದ್ದನ್ನು ಓದಿ ಬಸ್ಸಿನಲ್ಲೇ ನಕ್ಕೆ. ಬಹಳ ಸಂತೋಷವಾಯಿತು, ಅದನ್ನು ಮೊದಲು ಹೇಳುತ್ತೇನೆ. ಹನ್ನೊಂದನೇ ಪ್ಯಾರಾ ಓದುವವರೆಗೆ ಬರೀ ಸಂತೋಷವೇ ಇತ್ತು.

ಎಲ್ಸಿಯಕ್ಕ ಕೇಳಿದಳು, ‘ಎಂತ ಆಯ್ತು? ನನ್ನ ಉತ್ತರದಿಂದ ನಿಂಗೆ ತೊಂದರೆ ಆಯ್ತಾ? ನಾನು ಮೂರು ತಿಂಗಳಿಂದ ಸರಿ ನಿದ್ರೆ ಮಾಡ್ಲಿಲ್ಲ.’

‘ಇಲ್ಲ ಎಲ್ಸಿಯಕ್ಕ, ಜಾಗ ನಮಗೆ ಸಿಕ್ಕಿತು.’

ಅವಳು ಶಿಲುಬೆಯ ಗುರುತು ಹಾಕಿಕೊಂಡು ನನ್ನನ್ನು ತಬ್ಬಿಕೊಂಡಳು. ಅವಳು ಅತ್ತಳು, ನಾನೂ ಅತ್ತೆ. ‘ಹೇಗೆ ಸಿಕ್ಕಿತು? ನಾನು ಹಾಗೆ ಬರೆದ ಮೇಲೆಯೂ?’ ಎಂದಳು. ಆದೇಶವನ್ನು ಅವಳ ಕೈಗೆ ಕೊಟ್ಟೆ. ಕನ್ನಡಕ ಹಾಕಿ, ಎಂದಿನ ಹಾಗೆ ಒಂದಕ್ಷರ ಬಿಡದೆ ಓದಿದಳು. ಓದಿ ಮುಗಿಸಿ ಅದೇ ಪ್ಯಾರಾವನ್ನು ಇನ್ನೊಮ್ಮೆ ಓದಿದಳು.

‘ಹಾಗಾದ್ರೆ ನಾನು ಕುಕ್ಕರ್ ತಂದದ್ದಕ್ಕೆ ಕೇಸು ಗೆದ್ದದ್ದಾ?’

‘ಹೌದು.’

‘ತರದಿದ್ರೆ?’

‘ತರದಿದ್ರೆ ನಾನು ನಾನೇ ಅಲ್ಲ ಅಂತ ಆಗ್ತಿತ್ತು.’

ಅವಳು ಕುರ್ಚಿ ಹಿಡಿದುಕೊಂಡು ಕುಳಿತಳು. ನಾನು ಚಾ ಮಾಡಲು ಎದ್ದೆ, ಮಾಡಿದರೆ ಅವಳು ಕುಡಿಯುತ್ತಾಳೋ ಇಲ್ಲವೋ ಗೊತ್ತಾಗದೆ ಮತ್ತೆ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಎದ್ದು ಅಡುಗೆಮನೆಗೆ ಹೋದಳು. ಆ ಸಣ್ಣ ಕುಕ್ಕರ್, ಬಟ್ಟಲು, ಸೌಟು ಮೂರನ್ನೂ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡು ಬಾಗಿಲಿಗೆ ಬಂದಳು. ‘ಕೆಳಗೆ ಕಸಕ್ಕೆ ಹಾಕಿ ಬರ್ತೇನೆ. ನಂಗೆ ಇದು ಬೇಡ ಮಾರಾಯ್ತಿ, ಇವತ್ತಿಂದ ಬೇಡ’ ಎಂದಳು. ನಿಜವಾಗಿಯೇ ಹೇಳುತ್ತಿದ್ದಳು ಅಣ್ಣ, ಅವಳ ಮುಖ ನೋಡಿದ್ದರೆ ನೀನೂ ನಂಬುತ್ತಿದ್ದೆ.

ನಾನು ಓಡಿ ಹೋಗಿ ಅವಳ ಕೈ ಹಿಡಿದುಕೊಂಡೆ.

‘ಬೇಡ ಎಲ್ಸಿಯಕ್ಕ, ಬಿಸಾಡ್ಬೇಡಿ. ಅಪೀಲಿಗೆ ಮೂರು ತಿಂಗಳುಂಟು. ಅಷ್ಟರವರೆಗೆ ನೀವು ಅದರಲ್ಲೇ ಬೇಯಿಸಿ.’

ನಿನ್ನ ತಂಗಿ,
ಗುಲಾಬಿ